ಮುಕಾದಮ ಮಲಗಿದ ಖಂಡೇನವಮಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ವರ್ಷದ ಡೈರಿ ನನ್ನ ಹತ್ತಿರ ಇದೆ, ಆದರೆ ಅದರಲ್ಲಿ ಯಂತ್ರಗಳ ಬಗ್ಗೆ ಬರೆದದ್ದೇ ಹೆಚ್ಚು, ಮನುಷ್ಯರ ಬಗ್ಗೆ ಕಡಿಮೆ. ಆಷಾಢದಲ್ಲಿ ಹಿಡಿದ ಮಳೆ ಗಣಪತಿ ಮುಳುಗುವವರೆಗೂ ಬಿಡಲಿಲ್ಲ ಎಂದು ನಾನು ಹಲವರಿಗೆ ಹೇಳಿದ್ದೇನೆ. ಮೊನ್ನೆ ಡೈರಿ ತೆಗೆದು ನೋಡಿದರೆ ನಡುವೆ ಎರಡು ವಾರ ಚೆನ್ನಾಗಿ ಬಿಸಿಲಿತ್ತು, ನಾನು ಹಾಸಿಗೆ ಒಣಹಾಕಿದ್ದೆ. ಮಳೆಯ ವಿಷಯದಲ್ಲೇ ಹೀಗಾದರೆ ಉಳಿದದ್ದರಲ್ಲಿ ನನ್ನನ್ನು ಎಷ್ಟು ನಂಬಬೇಕು ಎಂಬುದು ನನಗೇ ಗೊತ್ತಿಲ್ಲ.

ಹೋದ ತಿಂಗಳು ನಮ್ಮ ಲ್ಯಾಬಿನ ಹಳೆಯ ಸರ್ವರ್ ಗುಜರಿಗೆ ಹೋಯಿತು. ಇಬ್ಬರು ಬಂದು ಅದನ್ನು ಕಪಾಟಿನಿಂದ ಎಳೆದಾಗ ಬಿಸಿ ಧೂಳಿನ ವಾಸನೆ ಬಂತು. ಸ್ವಿಚ್ಚಿನ ಪಕ್ಕದಲ್ಲಿ ಕುಂಕುಮ ಹಚ್ಚಿದ ಗುರುತು ಇನ್ನೂ ಇತ್ತು, ಕೆಂಪು ಹೋಗಿ ಕಂದು ಬಣ್ಣಕ್ಕೆ ತಿರುಗಿತ್ತು. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಸಹಿ ಮಾಡಬೇಕಾದವಳು ಈಗ ನಾನೇ. ಮಾಡಿದೆ.

ಆ ವರ್ಷ ನಾನು ಧಾರವಾಡದಿಂದ ಪುಣೆಗೆ ಬಂದು ಆರು ತಿಂಗಳಾಗಿತ್ತು. ಇಪ್ಪತ್ತೊಂಬತ್ತು ವಯಸ್ಸು. ಧನಕವಡಿಯ ಹತ್ತಿರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದು ವರ್ಷದ ಕರಾರಿನ ಮೇಲೆ ಉಪನ್ಯಾಸಕಿ. ಇರುತ್ತಿದ್ದದ್ದು ಗುರುನಾಥ ಮಾಮಾನ ಮನೆಯಲ್ಲಿ. ನನ್ನ ತಾಯಿಯ ತಮ್ಮ ಅವರು. ಅದೇ ಕಾಲೇಜಿನ ಅದೇ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಲ್ಯಾಬ್ ಅಸಿಸ್ಟೆಂಟ್ ಆಗಿದ್ದರು. ಜಾಗ ಖಾಲಿ ಇದೆ ಎಂದು ಫೋನಿನಲ್ಲಿ ಹೇಳಿದ್ದನ್ನು ಬಿಟ್ಟರೆ ನನ್ನ ನೌಕರಿಗೆ ಅವರೇನೂ ಮಾಡಿರಲಿಲ್ಲ, ಆದರೆ ಇದನ್ನು ಯಾರು ನಂಬುತ್ತಾರೆ? ಹಾಗಾಗಿ ಸಂಬಂಧವನ್ನು ಯಾರಿಗೂ ಹೇಳಬಾರದೆಂದು ನಾನೇ ಗೊತ್ತು ಮಾಡಿದೆ. ಬೆಳಿಗ್ಗೆ ಅವರ ಸ್ಕೂಟರಿನ ಹಿಂದೆ ಕೂತು ಹೋಗಿ, ಗೇಟಿಗಿಂತ ಮೊದಲಿನ ಔಷಧದ ಅಂಗಡಿಯ ಮೂಲೆಯಲ್ಲಿ ಇಳಿದು ನಡೆದು ಒಳಗೆ ಹೋಗುತ್ತಿದ್ದೆ.

ಇದರಲ್ಲಿ ಒಂದು ತಮಾಷೆ ಇತ್ತು. ಮರಾಠಿ ಊರುಗಳಲ್ಲಿ ಕಾಲೇಜಿನ ಹಿರಿಯ ಸಿಬ್ಬಂದಿಯನ್ನು ಎಲ್ಲರೂ ಮಾಮಾ ಎಂದೇ ಕರೆಯುತ್ತಾರೆ. ಹುಡುಗರು, ಹುಡುಗಿಯರು, ಪ್ರಾಧ್ಯಾಪಕರು, ಕೊನೆಗೆ ವಿಭಾಗದ ಮುಖ್ಯಸ್ಥೆ ಸಾಠೆ ಮೇಡಂ ಕೂಡ ಅವರನ್ನು ಮಾಮಾ ಎನ್ನುತ್ತಿದ್ದರು. ಇಡೀ ವಿಭಾಗದಲ್ಲಿ 'ಸರ್' ಎನ್ನುತ್ತಿದ್ದವಳು ನಾನೊಬ್ಬಳೇ. ಮಾಮಾನಿಗೆ ಇದು ಬಹಳ ಸೇರಿತ್ತು. ಮನೆಗೆ ಬಂದ ಮೇಲೆ ಮಾಮಿಯ ಎದುರು, "ಊರೆಲ್ಲಾ ನನಗ ಸ್ವಾದರಳಿಯಂದಿರು ಆಗ್ಯಾರ, ಇದೊಂದು ಯಾರ ಮನೀ ಕೂಸೋ ಸರ್ ಸರ್ ಅಂತದ," ಎನ್ನುತ್ತಿದ್ದರು.

ಜುಲೈಯಲ್ಲಿ ಸಾಠೆ ಮೇಡಂ ಕರೆದು ವಿಷಯ ಹೇಳಿದರು. ಕೊನೆಯ ವರ್ಷದವರಿಗೆ ಹೊಸದೊಂದು ಪ್ರಾಯೋಗಿಕ ಪಠ್ಯ ಬಂದಿದೆ. ದಸರೆಯ ಮರುದಿನ ಪರಿಶೀಲನಾ ಸಮಿತಿ ಬರುತ್ತದೆ. ಅಷ್ಟರಲ್ಲಿ ಲ್ಯಾಬ್ ನಡೆಯುತ್ತಿರಬೇಕು. ನಡೆದರೆ ಪಠ್ಯ ಉಳಿಯುತ್ತದೆ, ಪಠ್ಯ ಉಳಿದರೆ ನಿನ್ನ ಜಾಗ ಕಾಯಂ ಆಗುತ್ತದೆ, ಇಲ್ಲದಿದ್ದರೆ ಮಾರ್ಚಿಗೆ ಕರಾರು ಮುಗಿಯುತ್ತದೆ. ಮೇಡಂ ಕೆಟ್ಟವರಲ್ಲ, ಸುತ್ತಿಬಳಸಿ ಮಾತಾಡುವವರೂ ಅಲ್ಲ. ಹೊಸ ಯಂತ್ರ ಕೊಡಿಸುವುದು ಆಗುವುದಿಲ್ಲ, ಮೂಲೆಯಲ್ಲಿರುವ ಹಳೆಯ ಸರ್ವರಿನಲ್ಲೇ ಆಗಬೇಕು ಎಂದೂ ಹೇಳಿದರು.

ಮಾಡಬೇಕಾದದ್ದು ಇಷ್ಟು. ಒಂದು ದೊಡ್ಡ ಯಂತ್ರದ ಒಳಗೆ ತಂತ್ರಾಂಶದಿಂದಲೇ ಮೂರು ಬೇರೆಬೇರೆ ಯಂತ್ರಗಳನ್ನು ಹುಟ್ಟಿಸುವುದು. ಅವಕ್ಕೆ ವರ್ಚುವಲ್ ಮಷೀನ್ ಎನ್ನುತ್ತಾರೆ. ಅವು ನಿಜವಾದ ಕಂಪ್ಯೂಟರುಗಳ ಹಾಗೇ ನಡೆದುಕೊಳ್ಳುತ್ತವೆ. ವಿದ್ಯಾರ್ಥಿಗಳು ಬರೆದ ಪ್ರೋಗ್ರಾಂಗಳನ್ನು ಅವಕ್ಕೆ ಬೇಕಾದ ಸಾಮಾನಿನ ಸಮೇತ ಪೆಟ್ಟಿಗೆಗಳಲ್ಲಿ ತುಂಬುತ್ತಾರೆ. ಆ ಪೆಟ್ಟಿಗೆಗಳೇ ಕಂಟೇನರುಗಳು. ಮೂರರಲ್ಲಿ ಒಂದು ಯಂತ್ರ ಉಳಿದೆರಡಕ್ಕೆ ಆ ಪೆಟ್ಟಿಗೆಗಳನ್ನು ಹಂಚುತ್ತದೆ, ಮೇಲ್ವಿಚಾರಣೆ ಮಾಡುತ್ತದೆ, ಒಂದು ಬಿದ್ದರೆ ಅದರ ಪೆಟ್ಟಿಗೆಗಳನ್ನು ಇನ್ನೊಂದರ ಮೇಲೆ ಎಬ್ಬಿಸುತ್ತದೆ. ಈ ಕೂಟಕ್ಕೆ ಕ್ಲಸ್ಟರ್ ಎಂದು ಹೆಸರು. ಮಾಮಾನಿಗೆ ಇದನ್ನು ಬಿಡಿಸಿ ಹೇಳಿದಾಗ ಅವರು ಕೈಯಲ್ಲಿದ್ದ ವೈರನ್ನು ಸುತ್ತುತ್ತಲೇ ಕೇಳಿಸಿಕೊಂಡರು.

"ಅಂದ್ರ ಇಂವ ಮುಕಾದಮ, ಅವರಿಬ್ಬರು ಆಳು. ಒಬ್ಬಂವ ಜ್ವರ ಬಂದು ಮಲಗಿದ್ರ ಅವನ ಬುಟ್ಟಿ ಇನ್ನೊಬ್ಬನ ತಲೀ ಮ್ಯಾಲೆ. ಹೌದಿಲ್ಲೋ?"

"ಹೌದು ಸರ್."

"ಮುಕಾದಮಗ ಜ್ವರ ಬಂದ್ರ?"

ದೊಡ್ಡ ಕಂಪನಿಗಳಲ್ಲಿ ಮೂರು ಮೂರು ಮುಕಾದಮರನ್ನು ಇಡುತ್ತಾರೆ. ನಮ್ಮ ಸರ್ವರಿಗೆ ಅಷ್ಟು ಶಕ್ತಿ ಇರಲಿಲ್ಲ. ಮೇಲ್ವಿಚಾರಕ ಯಂತ್ರಕ್ಕೆ ಅವತ್ತಿನಿಂದ ಮುಕಾದಮ ಎಂದೇ ಹೆಸರಾಯಿತು, ಪರದೆಯ ಮೇಲೂ ಹಾಗೇ ಬರೆದೆ. ಆಳುಗಳಿಗೆ ಮಲಪ್ರಭಾ, ಘಟಪ್ರಭಾ ಎಂದು ಇಡು ಎಂದರು ಮಾಮಾ. ಇಬ್ಬರು ಕನ್ನಡಿಗರು ಸೇರಿ ಏನೋ ನಡೆಸಿದ್ದಾರೆ ಅನ್ನಿಸುವುದು ಬೇಡವೆಂದು ನಾನು ಪುಣೆಯ ನದಿಗಳ ಹೆಸರು ಹಿಡಿದು ಮುಳಾ, ಮುಠಾ ಎಂದಿಟ್ಟೆ.

ಮೊದಲ ಹನ್ನೊಂದು ದಿನ ವ್ಯರ್ಥವಾಯಿತು. ನಾನು ಒಂದು ಯಂತ್ರವನ್ನು ಸರಿಯಾಗಿ ತಯಾರಿಸಿ ಅದನ್ನೇ ಎರಡು ಸಲ ನಕಲು ಮಾಡಿದ್ದೆ. ಮುಳಾ ಸೇರಿದರೆ ಮುಠಾ ಮಾಯ, ಮುಠಾ ಸೇರಿದರೆ ಮುಳಾ ಮಾಯ. ಜಾಲವನ್ನು ಬೈದೆ, ತಂತಿಗಳನ್ನು ಬದಲಿಸಿದೆ, ಎಲ್ಲವನ್ನೂ ಅಳಿಸಿ ಮೊದಲಿನಿಂದ ಮಾಡಿದೆ. ಹನ್ನೆರಡನೆಯ ದಿನ ಗೊತ್ತಾದದ್ದು: ಪ್ರತಿ ಯಂತ್ರಕ್ಕೂ ಹುಟ್ಟುವಾಗ ಒಂದು ಗುರುತಿನ ಸಂಖ್ಯೆ ಸಿಗುತ್ತದೆ, ನಕಲು ಮಾಡಿದಾಗ ಅದೂ ನಕಲಾಗುತ್ತದೆ. ಮೂರಕ್ಕೂ ಒಂದೇ ಗುರುತು. ಹೆಸರು ಮಾತ್ರ ಬೇರೆ. ಮಾಮಾ ಬಹಳ ನಕ್ಕರು. ಒಬ್ಬನೇ ಮನುಷ್ಯ ಮೂರು ಹೆಸರಿನಲ್ಲಿ ಹಾಜರಿ ಹಾಕಿದರೆ ಎಂಥ ಮುಕಾದಮನಾದರೂ ಹಿಡಿಯುತ್ತಾನೆ ಎಂದರು. ಸಂಖ್ಯೆಗಳನ್ನು ಬದಲಿಸಿದ ಮೇಲೆ ಪರದೆಯಲ್ಲಿ ಮೂರೂ ಹೆಸರು ಒಟ್ಟಿಗೆ ನಿಂತವು. ಅವತ್ತು ಮನೆಗೆ ಹೋಗುವಾಗ ಮಾಮಾ ಪೇಢೆ ಕೊಂಡರು. ಮನೆಯಲ್ಲಿ ಕುಕ್ಕರ್ ಐದು ಸಲ ಕೂಗಿದರೂ ಇಬ್ಬರಿಗೂ ಕೇಳಿಸುವುದಿಲ್ಲ, ಅಲ್ಲೆಲ್ಲೋ ಮೂರು ಹೆಸರು ಕಂಡವು ಎಂದು ಪೇಢೆ ತರುತ್ತೀರಿ ಎಂದು ಮಾಮಿ ಆಡಿಕೊಂಡರು.

ಆಗಸ್ಟಿನ ಮಧ್ಯದಿಂದ ಕ್ಲಸ್ಟರ್ ನಡೆಯತೊಡಗಿತು. ಕೊನೆಯ ವರ್ಷದ ಹುಡುಗಿಯರು ಹಾಸ್ಟೆಲಿನ ಮೆಸ್ಸಿಗೆ ದೂರು ಬರೆಯುವ ಒಂದು ವೆಬ್ ಪುಟ ಮಾಡಿ ಕ್ಲಸ್ಟರಿನ ಮೇಲೆ ಓಡಿಸಿದರು. ದೂರುಗಳು ನಿಜವಾದವೇ: ಪೋಹೆ ಹಸಿ, ಬೇಳೆಯ ಆಮಟಿ ಬರೀ ನೀರು, ಗುರುವಾರ ಪುನಃ ಸಾಬೂದಾಣೆ. ಪುಣೆಯಲ್ಲಿ ಗುರುವಾರ ದುರಸ್ತಿಯ ದಿನ. ಕೆಲವೊಮ್ಮೆ ನೀರಿಲ್ಲ, ಕೆಲವೊಮ್ಮೆ ಕರೆಂಟಿಲ್ಲ, ನಮ್ಮ ಭಾಗದಲ್ಲಿ ಆ ಮಳೆಗಾಲ ಹಲವು ಸಲ ಎರಡೂ ಇರಲಿಲ್ಲ. ಕರೆಂಟು ಹೋದ ಕೂಡಲೇ ಮಾಮಾ ಲ್ಯಾಬಿನ ಉಳಿದ ನಲವತ್ತು ಕಂಪ್ಯೂಟರುಗಳನ್ನು ಒಂದೊಂದಾಗಿ ಬಂದ್ ಮಾಡಿ ಯುಪಿಎಸ್ ಬ್ಯಾಟರಿಯನ್ನೆಲ್ಲ ಸರ್ವರಿಗೇ ಉಳಿಸುತ್ತಿದ್ದರು. ಕಾತ್ರಜ್ ಗುಡ್ಡದ ಕಡೆಯ ಕಿಟಕಿಯಿಂದ ಇರಚಲು ಬಡಿದರೆ ಕಪಾಟಿಗೆ ತಾಡಪತ್ರಿ ಹೊದಿಸುತ್ತಿದ್ದರು. ಹಾಗಾಗಿ ನನ್ನ ಮೂರು ಯಂತ್ರಗಳು ಒಂದು ಸಲವೂ ನಿಲ್ಲಲಿಲ್ಲ. ಎಷ್ಟು ದಿನದಿಂದ ನಿಲ್ಲದೆ ನಡೆದಿದೆ ಎಂಬುದನ್ನು ಯಂತ್ರವೇ ಹೇಳುತ್ತದೆ. ನಾನು ಆ ಸಂಖ್ಯೆಯನ್ನು ತರಗತಿಯಲ್ಲಿ ತೋರಿಸುತ್ತಿದ್ದೆ. ಐವತ್ತು ದಾಟಿತ್ತು. ಅದನ್ನು ನನ್ನ ಜಾಣತನದ ಲೆಕ್ಕ ಎಂದುಕೊಂಡಿದ್ದೆ.

ಖಂಡೇನವಮಿಯ ದಿನ ಕಾಲೇಜು ಅರ್ಧ ದಿನ. ಪ್ರತಿ ವರ್ಷದಂತೆ ಲ್ಯಾಬಿನಲ್ಲಿ ಪೂಜೆ. ಧಾರವಾಡದ ಕಡೆಯೂ, ಇಲ್ಲಿಯೂ ಅವತ್ತು ಆಯುಧಗಳನ್ನು ಕೆಳಗಿಡುತ್ತಾರೆ. ಈಳಿಗೆಮಣೆ ಮುಟ್ಟುವುದಿಲ್ಲ, ಕತ್ತರಿ ತೆರೆಯುವುದಿಲ್ಲ, ಪುಸ್ತಕ ಓದುವುದಿಲ್ಲ. ದುಡಿಯುತ್ತಿರುವ ವಸ್ತುವಿಗೆ ಪೂಜೆ ಮಾಡಬಾರದು, ಅದು ಮೊದಲು ವಿಶ್ರಾಂತಿ ತೆಗೆದುಕೊಳ್ಳಬೇಕು ಎಂಬುದು ಮಾಮಾನ ಪದ್ಧತಿ. ಇಪ್ಪತ್ತಾರು ವರ್ಷ ಅವರು ನವಮಿಯ ಮಧ್ಯಾಹ್ನ ಲ್ಯಾಬಿನ ಪ್ರತಿ ಯಂತ್ರವನ್ನೂ ಕ್ರಮವಾಗಿ ಬಂದ್ ಮಾಡಿ, ಚೆಂಡು ಹೂ ಏರಿಸಿ, ಕುಂಕುಮ ಹಚ್ಚಿ, ಮೇನ್ ಸ್ವಿಚ್ ಕೆಳಗಿಳಿಸಿ ಬೀಗ ಹಾಕಿದ್ದಾರೆ.

ಆ ಮಧ್ಯಾಹ್ನದ ಬಗ್ಗೆ ಡೈರಿಯಲ್ಲಿ ಎರಡೇ ವಾಕ್ಯ: "ಕೊನೆಯ ಅಭ್ಯಾಸ ಮುಗಿಯಿತು. ಎಲ್ಲ ಸರಿ ಇದೆ." ನನ್ನ ತಲೆಯಲ್ಲಿ ಮಾತ್ರ ಒಂದು ಚಿತ್ರ ಇದೆ. ನಾನು ಪರದೆಯ ಮುಂದೆ ಕೂತು ಸಮಿತಿಗೆ ತೋರಿಸಬೇಕಾದದ್ದನ್ನು ತಿದ್ದುತ್ತಿದ್ದೇನೆ. ಬಾಗಿಲಲ್ಲಿ ಮಾಮಾ, ಕೈಯಲ್ಲಿ ತಾಟು. ಸರ್ವರಿನ ಕಡೆ ಗದ್ದ ಎತ್ತಿ ಏನೋ ಕೇಳುತ್ತಾರೆ. ನಾನು ತಿರುಗದೆ ತಲೆಯಾಡಿಸುತ್ತೇನೆ. ಇದು ನಡೆದದ್ದೋ, ಆಮೇಲೆ ನಾನು ಕಟ್ಟಿಕೊಂಡದ್ದೋ? ಚಿತ್ರದಲ್ಲಿ ನನ್ನ ಬೆನ್ನೂ ನನಗೆ ಕಾಣುತ್ತದೆ. ನಡೆದದ್ದಾದರೆ ನನ್ನ ಬೆನ್ನು ನನಗೆ ಹೇಗೆ ಕಾಣಬೇಕು?

ದಸರೆ ರಜೆ. ಮನೆಯಲ್ಲಿ ಬನ್ನಿ ಕೊಟ್ಟು ಮಾಮಾ ಮಾಮಿಗೆ ನಮಸ್ಕಾರ ಮಾಡಿದೆ. ಮರುದಿನ ಎಂಟಕ್ಕೇ ಮಾಮಾ ಹೋಗಿ ಸ್ವಿಚ್ ಎತ್ತಿದ್ದರು. ಒಂಬತ್ತಕ್ಕೆ ನಾನು ಹೋದಾಗ ಸರ್ವರಿನ ದೀಪಗಳೆಲ್ಲ ಹತ್ತಿದ್ದವು, ಮೂರೂ ಯಂತ್ರಗಳು ಎದ್ದಿದ್ದವು, ಆದರೆ ಮುಕಾದಮ ಮಾತಾಡಲಿಲ್ಲ. ಏನು ಕೇಳಿದರೂ ಸಂಪರ್ಕ ನಿರಾಕರಿಸಲಾಗಿದೆ ಎಂಬ ಒಂದೇ ಸಾಲು. ನಿಲ್ಲದೆ ನಡೆದ ದಿನಗಳ ಸಂಖ್ಯೆ ನೋಡಿದೆ. ಒಂದು ಗಂಟೆ ಎಂದಿತ್ತು. ಆಗ ಗೊತ್ತಾಯಿತು, ಸರ್ವರನ್ನು ಬಂದ್ ಮಾಡಿದ್ದರು ಎಂದು.

ಎರಡು ಗಂಟೆ ಏನೇನು ಮಾಡಿದೆನೋ ನೆನಪಿಲ್ಲ. ಹನ್ನೊಂದಕ್ಕೆ ಸಮಿತಿಯ ಮೂವರು ಬಂದರು. ಅವರಲ್ಲಿ ಹಿರಿಯರು ಬಹಳ ಸೌಜನ್ಯದಿಂದ ಕುರ್ಚಿ ಎಳೆದು ಕೂತು, ತೋರಿಸಿ ಎಂದರು. ಮೆಸ್ಸಿನ ಪುಟ ತೆರೆಯಲಿಲ್ಲ. ಸಾಠೆ ಮೇಡಂ ನನ್ನನ್ನು ನೋಡಿದರು. ನಾನು ಪರದೆಯನ್ನು ನೋಡಿದೆ. ಹಿರಿಯರು, ಮೊದಲು ಗ್ರಂಥಾಲಯ ನೋಡಿಕೊಂಡು ಊಟದ ನಂತರ ಬರುತ್ತೇವೆ, ಆದರೆ ಬೆಳಿಗ್ಗೆ ಯಾಕೆ ನಡೆಯಲಿಲ್ಲ ಎಂಬುದನ್ನು ಬರಹದಲ್ಲಿ ಕೊಡಿ ಎಂದರು. ಮೇಡಂ ಲ್ಯಾಬಿನವರನ್ನೆಲ್ಲ ಉದ್ದೇಶಿಸಿ ಏನಾಯಿತು ಎಂದು ಕೇಳಿದರು. ಯಾರನ್ನೂ ಹೆಸರು ಹಿಡಿದು ಕೇಳಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಮಾಮಾ ಹೇಳಿದರು:

"ಮೀಚ್ ಬಂದ್ ಕೇಲಂ, ಮ್ಯಾಡಮ್. ಕುಣಾಲಾ ವಿಚಾರಲಂ ನಾಹೀ."

ನಾನೇ ಬಂದ್ ಮಾಡಿದೆ, ಯಾರನ್ನೂ ಕೇಳಲಿಲ್ಲ. ಮೇಡಂ ಮೂಗಿನ ಮೇಲಿನ ಕನ್ನಡಕ ತೆಗೆದು, ಇಂಥ ದಿನ ಇಷ್ಟೂ ತಿಳಿಯಬಾರದೇ ಮಾಮಾ ಎಂದರು. ಅಷ್ಟೇ ಅಂದದ್ದು.

ಮಾಮಾ ಒಬ್ಬರನ್ನು ಬಿಟ್ಟು ಎಲ್ಲರೂ ಹೋದ ಮೇಲೆ ನಾನು ಯಂತ್ರ ಬರೆದಿಟ್ಟ ದಾಖಲೆಗಳನ್ನು ಒಂದೊಂದೇ ಸಾಲು ಓದಿದೆ. ಕಾರಣ ಸಿಕ್ಕಿತು. ಯಂತ್ರಕ್ಕೆ ನೆನಪಿನ ಜಾಗ ಸಾಲದೇ ಹೋದರೆ ಡಿಸ್ಕಿನಿಂದ ಸ್ವಲ್ಪ ಕಡ ತೆಗೆದುಕೊಳ್ಳುವ ಏರ್ಪಾಟಿದೆ, ಅದಕ್ಕೆ ಸ್ವ್ಯಾಪ್ ಎಂದು ಹೆಸರು. ಅದು ಇದ್ದರೆ ಕ್ಲಸ್ಟರ್ ಏಳುವುದಿಲ್ಲ. ಕಟ್ಟುವಾಗ ಒಂದು ಆಜ್ಞೆ ಕೊಟ್ಟು ಅದನ್ನು ನಿಲ್ಲಿಸಬೇಕು, ನಾನು ನಿಲ್ಲಿಸಿದ್ದೆ. ಆದರೆ ಆ ಆಜ್ಞೆ ಯಂತ್ರ ನಡೆಯುತ್ತಿರುವವರೆಗೆ ಮಾತ್ರ. ಬಂದ್ ಮಾಡಿ ಎಬ್ಬಿಸಿದರೆ ಸ್ವ್ಯಾಪ್ ತಾನೂ ಏಳುತ್ತದೆ. ಶಾಶ್ವತವಾಗಿ ನಿಲ್ಲಿಸಬೇಕಾದರೆ ಒಂದು ಕಡತದಲ್ಲಿ ಒಂದು ಸಾಲಿನ ಮುಂದೆ ಒಂದು ಚಿಹ್ನೆ ಹಾಕಬೇಕು. ಅದನ್ನು ನಾನು ಮೂರು ಯಂತ್ರಗಳಲ್ಲಿ ಒಂದರಲ್ಲೂ ಹಾಕಿರಲಿಲ್ಲ. ಅಂದರೆ ಆಗಸ್ಟಿನಿಂದಲೂ ಅದು, ಒಮ್ಮೆ ಮಲಗಿದರೆ ಏಳಲಾರದ ಕ್ಲಸ್ಟರ್ ಆಗಿತ್ತು. ಯಾವುದಾದರೂ ಗುರುವಾರ ಕರೆಂಟು ಹೋದಾಗ ಮಾಮಾ ಬ್ಯಾಟರಿ ಉಳಿಸದೇ ಇದ್ದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು, ಸರಿಪಡಿಸಲು ಬೇಕಾದಷ್ಟು ದಿನ ಇರುತ್ತಿದ್ದವು. ಅವರ ಕಾಳಜಿ ನನ್ನ ತಪ್ಪನ್ನು ಮುಚ್ಚಿಟ್ಟಿತ್ತು. ಇದನ್ನು ಹೀಗೆ ಬರೆದಾಗ ತಪ್ಪು ಮತ್ತೆ ಅವರ ಕಡೆಗೇ ವಾಲುತ್ತದೆ ಎಂಬುದು ನನಗೆ ಕಾಣುತ್ತದೆ.

ಮೂರೂ ಕಡತಗಳಲ್ಲಿ ಚಿಹ್ನೆ ಹಾಕಿದೆ. ಸರಿಯಾಯಿತೋ ಇಲ್ಲವೋ ನೋಡಲು ಎಲ್ಲವನ್ನೂ ನಾನೇ ಬಂದ್ ಮಾಡಿ ಮತ್ತೆ ಎಬ್ಬಿಸಿದೆ. ಮಾಮಾ ನನ್ನ ಹಿಂದೆಯೇ ನಿಂತಿದ್ದರು. ಕೆಲವು ನಿಮಿಷಗಳಲ್ಲಿ ಮುಕಾದಮ, ಮುಳಾ, ಮುಠಾ ಮೂರೂ ಕಂಡವು, ಮೆಸ್ಸಿನ ಪುಟ ತೆರೆಯಿತು. ಗಂಟೆ ಇನ್ನೂ ಒಂದು ಆಗಿರಲಿಲ್ಲ. ಸಾಠೆ ಮೇಡಂ ಅವರ ಕೊಠಡಿ ಎಂಟು ಹೆಜ್ಜೆ ದೂರ. ಹೋಗಿ ತಪ್ಪು ನನ್ನದು ಎನ್ನಲು ಬೇಕಾದಷ್ಟು ಸಮಯ ಇತ್ತು. ಮೊದಲು ಸಮಿತಿಯ ಕೆಲಸ ಮುಗಿಯಲಿ ಎಂದುಕೊಂಡೆ.

ಊಟದ ನಂತರ ಎಲ್ಲವೂ ಚೆನ್ನಾಗಿ ನಡೆಯಿತು. ಹಿರಿಯರ ಎದುರಿಗೇ ಮುಠಾವನ್ನು ಬಂದ್ ಮಾಡಿದೆ. ಪುಟ ಸ್ವಲ್ಪ ಹೊತ್ತು ತಡವರಿಸಿತು, ಆಮೇಲೆ ಮುಳಾದ ಮೇಲೆ ಎದ್ದು ನಿಂತಿತು. ಅವರು ತಾವೇ ಒಂದು ದೂರು ಬರೆದು ನೋಡಿದರು, ಚಹಾಕ್ಕೆ ಸಕ್ಕರೆ ಹೆಚ್ಚು ಎಂದು. ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ಡೈರಿಯಲ್ಲಿದೆ. ಮಾಮಾ ಅಷ್ಟರಲ್ಲಿ ಮರಾಠಿಯಲ್ಲಿ ಅರ್ಧ ಪುಟದ ವಿವರಣೆ ಬರೆದು ಸಹಿ ಹಾಕಿ ಕೊಟ್ಟಿದ್ದರು: ಪೂಜೆಗೆಂದು ಯಾರನ್ನೂ ವಿಚಾರಿಸದೆ ಸರ್ವರನ್ನು ಬಂದ್ ಮಾಡಿದ್ದು ತನ್ನ ಅಜಾಗರೂಕತೆ ಎಂದು.

ಆ ಸಂಜೆ ಮನೆಯಲ್ಲಿ ಹೇಗಾಯಿತು ಎಂದು ಮಾಮಿ ಕೇಳಿದಾಗ ಮಾಮಾ, "ಛಲೋ ಆತು, ಸಮಿತಿಯವ್ರು ಖುಷ್ ಆದ್ರು," ಎಂದರು. ನಾಳೆ ಮೇಡಂ ಅವರಿಗೆ ಹೇಳೋಣ ಎಂದುಕೊಂಡೆ. ನಾಡಿದ್ದು ಎಂದುಕೊಂಡೆ. ದೀಪಾವಳಿಗೆ ಮೊದಲು ಒಂದು ಆದೇಶ ಬಂತು. ಮಾಮಾನನ್ನು ಲ್ಯಾಬಿನಿಂದ ಪರೀಕ್ಷಾ ವಿಭಾಗದ ಉಗ್ರಾಣಕ್ಕೆ ಹಾಕಿದ್ದರು, ಖಾಲಿ ಉತ್ತರಪತ್ರಿಕೆಗಳ ಗಂಟುಗಳನ್ನು ಕಾಯುವ ಕೆಲಸ. ನಿವೃತ್ತಿಗೆ ಒಂದೂವರೆ ವರ್ಷ ಇತ್ತು. ಶಿಕ್ಷೆ ಎಂದು ಯಾರೂ ಅನ್ನಲಿಲ್ಲ. ಕೀಲಿಗಳ ಗೊಂಚಲನ್ನು ಅವರು ನನ್ನ ಮೇಜಿನ ಮೇಲೆ ಇಟ್ಟು ಪ್ರತಿ ಕೀಲಿ ಯಾವುದರದ್ದು ಎಂದು ಹೇಳಿ ಹೋದರು. ಮಾರ್ಚಿನಲ್ಲಿ ನನ್ನ ಜಾಗ ಕಾಯಂ ಆಯಿತು. ಏಪ್ರಿಲಿನಲ್ಲಿ ನಾನು ಕೋಥರೂಡಿನಲ್ಲಿ ಬೇರೆ ಮನೆ ಹಿಡಿದೆ. ಕಾಲೇಜಿಗೆ ಅದು ದೂರ. ದೂರವಾಗಲಿ ಎಂದೇ ಹಿಡಿದೆನೇ? ಡೈರಿಯಲ್ಲಿ, ಅಲ್ಲಿ ನೀರು ಚೆನ್ನಾಗಿದೆ ಎಂದು ಬರೆದಿದೆ.

ಅವತ್ತಿನಿಂದ ಇಂದಿನವರೆಗೆ ಪ್ರತಿ ವರ್ಷ ಆ ಪಾಠ ಮಾಡುವಾಗ, ಬರೀ ಆಜ್ಞೆ ಕೊಟ್ಟರೆ ಸಾಲದು, ಕಡತದಲ್ಲೂ ಚಿಹ್ನೆ ಹಾಕಿ ಎಂದು ಹೇಳುತ್ತೇನೆ. ಯಾಕೆ ಇಷ್ಟು ಒತ್ತಿ ಹೇಳುತ್ತೀರಿ ಎಂದು ಯಾರೂ ಕೇಳಿಲ್ಲ.

ಗುಜರಿಗೆ ಸರ್ವರ್ ಹೋದ ವಾರ, ಭಾನುವಾರ ಬೆಳಿಗ್ಗೆ ಮಾಮಾನ ಮನೆಗೆ ಹೋದೆ. ಮಾಮಿ ಒಳಗೆ ಕಡುಬು ಮಾಡುತ್ತಿದ್ದರು. ಮಾಮಾ ಗ್ಯಾಲರಿಯಲ್ಲಿ ಕೂತು ಹಳೆಯ ಟೇಬಲ್ ಫ್ಯಾನಿನ ರೆಕ್ಕೆ ಬಿಚ್ಚಿ ಒರೆಸುತ್ತಿದ್ದರು. ನಾನು ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ: ಆಜ್ಞೆ, ಕಡತ, ಹಾಕದ ಚಿಹ್ನೆ, ಎಂಟು ಹೆಜ್ಜೆ ದೂರದ ಕೊಠಡಿ. ಅವರು ಒರೆಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು," ಎಂದರು. "ನಾ ಬಂದ್ ಮಾಡಿದ್ದ ತಪ್ಪಾಗಿದ್ರ, ನೀ ಮತ್ತೊಮ್ಮೆ ಬಂದ್ ಮಾಡಿ ಚಾಲೂ ಮಾಡಿದಾಗ ಯಾಕ ಎದ್ವು? ನಿನ್ನ ಹಿಂದ ನಿಂತಿದ್ನೆಲ್ಲ, ಕಾಣಲಿಲ್ಲೇನು ನನಗ?"

"ಮತ್ತ ಮ್ಯಾಡಮ್‌ಗ ಯಾಕ ಹೇಳಲಿಲ್ಲ?"

"ಅವರು ಕೇಳಿದ್ದು ಬಂದ್ ಯಾರು ಮಾಡಿದ್ರು ಅಂತ."

ಅದು ನಿಜವಲ್ಲ. ಏನಾಯಿತು ಎಂದಷ್ಟೇ ಕೇಳಿದ್ದರು ಮೇಡಂ. ಅಥವಾ ನನಗೆ ಹಾಗೆ ನೆನಪಿದೆ. ನಾನು ವಾದ ಮಾಡಲಿಲ್ಲ. ಕೇಳಲೆಂದು ಬಂದ ಮಾತು ಬೇರೆಯೇ ಇತ್ತು, ಅದನ್ನು ಕೇಳಿದೆ.

"ಯಾರನ್ನೂ ಕೇಳಿಲ್ಲ ಅಂತ ಬರದು ಕೊಟ್ರಿ. ಖರೇ ಹೇಳ್ರಿ ಮಾಮಾ, ಬಂದ್ ಮಾಡೂಕಿಂತ ಮೊದಲ ನನ್ನ ಕೇಳಿದ್ರಿಲ್ಲೋ?"

ಅವರು ರೆಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿದರು. ಒಳಗಿನಿಂದ ಮಾಮಿ ಊಟಕ್ಕೆ ಕರೆದರು. ಮಾಮಾ ಎದ್ದು ಕೈ ತೊಳೆಯಲು ಹೋದರು. ಆಮೇಲೆ ಮೂರು ಭಾನುವಾರ ಹೋಗಿ ಬಂದಿದ್ದೇನೆ, ಆ ಪ್ರಶ್ನೆ ಇನ್ನೂ ಹಾಗೇ ಇದೆ.